ಸಹೃದಯನನ್ನು ಹುಡುಕುವ ಸ್ಪ್ಯಾಮ್

“ಆತ್ಮೀಯ, ನಿಮ್ಮನ್ನು ಇಲ್ಲಿ ಕಂಡುಕೊಳ್ಳಲು ನಾನು ಸಂತೋಷವಾಗಿದ್ದೇನೆ. ನೀವು ಇಂದು ಹೇಗೆ ಮಾಡುತ್ತಿದ್ದೀರಿ? ನಿಮ್ಮ ಪ್ರೊಫೈಲ್ ನನ್ನ ಹೃದಯವನ್ನು ಮುಟ್ಟಿದೆ.”

ಮಾಸ್ಟೊಡಾನ್‌ನಲ್ಲಿ ನನಗೆ ಖಾಸಗಿಯಾಗಿ ಬಂದ ಇಂಥ ಸಂದೇಶಗಳನ್ನು ಎರಡು ವರ್ಷಗಳಿಂದ ಒಂದು ಕಡತದಲ್ಲಿ ಸೇರಿಸಿಡುತ್ತಿದ್ದೇನೆ. ನನ್ನ ಪಿಎಚ್‌ಡಿ ವಿಷಯ ಆಧುನಿಕ ಕನ್ನಡದ ಪತ್ರ ಬರಹ. ಈ ಕಡತವನ್ನು ನೋಡಿದ ನನ್ನ ಮಾರ್ಗದರ್ಶಕರು “ಇದನ್ನೂ ಪತ್ರ ಅಂತ ಸೇರಿಸ್ಕೋತೀಯೇನಮ್ಮ?” ಎಂದು ನಕ್ಕರು. ಪ್ರಬಂಧದಲ್ಲಿ ಸೇರಿಸಲಾರೆ, ನಿಜ. ಆದರೆ ಪತ್ರ ಎಂದರೇನು ಎಂದು ಕೇಳುವಾಗ ಪತ್ರದ ವೇಷ ಹಾಕಿಕೊಂಡು ಬರುವುದನ್ನೂ ಓದಬೇಕಾಗುತ್ತದೆ ಎಂದು ನನಗನ್ನಿಸುತ್ತದೆ. ಕಸ ಎಂದು ಅಳಿಸುವ ಮುನ್ನ ಒಮ್ಮೆ ವಿಮರ್ಶಕಿಯ ಕಣ್ಣಿನಲ್ಲಿ ನೋಡೋಣ.

ಮೊದಲು ಭಾಷೆ. ‘ಆತ್ಮೀಯ’ ಎಂಬುದರ ಮುಂದೆ ಹೆಸರಿಲ್ಲ, ‘ರೇ’ ಇಲ್ಲ. ಸಂಬೋಧನೆಯ ಜಾಗದಲ್ಲಿ ಒಂದು ವಿಶೇಷಣ ಒಂಟಿಯಾಗಿ ನಿಂತಿದೆ. ‘ಹೇಗೆ ಮಾಡುತ್ತಿದ್ದೀರಿ’ ಎಂದರೆ ಏನನ್ನು? ಕನ್ನಡದ ‘ಮಾಡು’ ಸಕರ್ಮಕ ಧಾತು. ಅಡುಗೆಯೋ ಕೆಲಸವೋ ಜಗಳವೋ ಏನಾದರೊಂದು ಬೇಕು ಅದಕ್ಕೆ. ಇಂಗ್ಲಿಷಿನ ಕುಶಲಪ್ರಶ್ನೆಯೊಂದು ಯಂತ್ರದ ಬಾಯಿಂದ ಉದುರಿದಾಗ ಆಗುವ ಅವಸ್ಥೆ ಇದು. ಇದು ಇನ್ನು ಹೆಚ್ಚು ಕಾಲ ಹೀಗೇ ಇರುವುದಿಲ್ಲ. ನನ್ನ ಕಡತದಲ್ಲೇ ಇತ್ತೀಚಿನ ಸಂದೇಶಗಳ ಕನ್ನಡ ಹಳೆಯವಕ್ಕಿಂತ ಎಷ್ಟೋ ಸರಾಗವಾಗಿದೆ. ವ್ಯಾಕರಣ ತಪ್ಪಿದೆ, ಆದ್ದರಿಂದ ಮೋಸ ಎಂದು ಗುರುತಿಸುವ ಸುಖ ನಮಗೆ ಬಹಳ ದಿನ ಉಳಿಯಲಾರದು.

ಹಾಗೆಂದು ಸಿದ್ಧಮಾದರಿಯ ಮಾತು ಇದ್ದ ಮಾತ್ರಕ್ಕೆ ಪತ್ರ ಸುಳ್ಳಾಗುವುದಿಲ್ಲ. ನಮ್ಮ ಅಜ್ಜಂದಿರ ಕಾಗದಗಳೆಲ್ಲ ‘ಉಭಯಕುಶಲೋಪರಿ ಸಾಂಪ್ರತ’ ಎಂದೇ ಆರಂಭವಾಗುತ್ತಿದ್ದವು. ಬರೆದವರಿಗೂ ಓದಿದವರಿಗೂ ಅದರ ಬಿಡಿ ಅರ್ಥ ಗೊತ್ತಿತ್ತೋ ಇಲ್ಲವೋ. ಅದು ಹೊಸಿಲು; ದಾಟಿದ ಕೂಡಲೇ ಒಳಗೆ ಹಸು ಕರು ಹಾಕಿದ್ದು, ಸೊಸೈಟಿ ಸಾಲ, ತಂಗಿಗೆ ಬಂದ ಸಂಬಂಧ, ಮಳೆ ಹಿಡಿಯದ ಜೂನ್ ಎಲ್ಲ ಇರುತ್ತಿದ್ದವು. ಸ್ಪ್ಯಾಮ್ ಪತ್ರದಲ್ಲಿ ಹೊಸಿಲು ಬಿಟ್ಟರೆ ಮನೆಯೇ ಇಲ್ಲ. ಓದುಗಳ ಬಗ್ಗೆ ಒಂದೇ ಒಂದು ನಿರ್ದಿಷ್ಟ ಸಂಗತಿ ಅದರಲ್ಲಿ ಸಿಗುವುದಿಲ್ಲ. ‘ನಿಮ್ಮ ಪ್ರೊಫೈಲ್’ ಎನ್ನುತ್ತದೆ; ಆ ಪ್ರೊಫೈಲಿನಲ್ಲಿ ಏನಿತ್ತು ಎಂದು ಹೇಳುವುದಿಲ್ಲ.

ಇದಕ್ಕೊಂದು ವಂಶಾವಳಿ ಇದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ‘ಸ್ಪೇನಿನ ಕೈದಿ’ಯ ಪತ್ರಗಳು ಓಡಾಡುತ್ತಿದ್ದವು: ಶ್ರೀಮಂತನೊಬ್ಬ ಸೆರೆಯಲ್ಲಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕೊಟ್ಟರೆ ನಿಧಿಯಲ್ಲಿ ಪಾಲು. ಅದರ ಮರಿಮಗನೇ ನೈಜೀರಿಯಾದ ರಾಜಕುಮಾರ. ಅಲ್ಲಿನ ದಂಡಸಂಹಿತೆಯ 419ನೇ ಕಲಮಿನಿಂದ ಈ ಜಾತಿಯ ಮೋಸಕ್ಕೆ ‘419’ ಎಂದೇ ಹೆಸರು ಬಿತ್ತು. ನಮ್ಮಲ್ಲಿ ದೇವರ ಹೆಸರಿನ ಕಾರ್ಡು ಬರುತ್ತಿತ್ತು; ಇಷ್ಟು ಜನಕ್ಕೆ ಬರೆದು ಕಳಿಸಿದರೆ ಲಾಟರಿ, ಹರಿದು ಹಾಕಿದರೆ ಮನೆಯಲ್ಲಿ ಸಾವು. ಅದರಲ್ಲಿ ಹಣ ಕೇಳುತ್ತಿರಲಿಲ್ಲ, ಭಯವನ್ನಷ್ಟೇ ಹಂಚುತ್ತಿದ್ದರು. ಆದರೂ ಅದನ್ನು ಕೈಯಿಂದ ಬರೆಯಬೇಕಿತ್ತು, ಕಾರ್ಡಿಗೆ ಕಾಸು ಕೊಡಬೇಕಿತ್ತು.

ಈ ಪತ್ರಗಳು ಇಷ್ಟು ಪೆದ್ದಾಗಿ ಏಕಿರುತ್ತವೆ ಎಂಬುದಕ್ಕೆ ನಾನು ಓದಿದ ಅತ್ಯುತ್ತಮ ಉತ್ತರ ಸಾಹಿತ್ಯ ವಿಮರ್ಶೆಯಿಂದ ಬಂದದ್ದಲ್ಲ. ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು. ನೈಜೀರಿಯಾದ ಮೋಸಗಾರರು ತಾವು ನೈಜೀರಿಯಾದವರೆಂದು ಏಕೆ ಹೇಳಿಕೊಳ್ಳುತ್ತಾರೆ ಎಂಬುದೇ ಅದರ ಪ್ರಶ್ನೆ. ವಾದ ಸರಳ. ಪತ್ರ ಕಳಿಸುವುದಕ್ಕೆ ಖರ್ಚಿಲ್ಲ. ಉತ್ತರ ಬರೆದವರ ಜೊತೆ ವಾರಗಟ್ಟಲೆ ಮಾತಾಡುವುದಕ್ಕೆ ಖರ್ಚಿದೆ. ಅನುಮಾನದ ಸ್ವಭಾವದವರು ಅರ್ಧ ದಾರಿಯವರೆಗೆ ಬಂದು ಕೈಕೊಟ್ಟರೆ ಮೋಸಗಾರನಿಗೆ ನಷ್ಟ. ಆದ್ದರಿಂದ ಅವರೆಲ್ಲ ಮೊದಲ ಸಾಲಿನಲ್ಲೇ ನಕ್ಕು ಹೊರಟುಹೋಗುವಂತೆ ಪತ್ರ ಇರಬೇಕು. ಪೆದ್ದುತನ ಇಲ್ಲಿ ಜರಡಿ.

ಆನಂದವರ್ಧನ, ಅಭಿನವಗುಪ್ತರನ್ನು ಪಠ್ಯಕ್ರಮದಲ್ಲಿ ಓದಿದವರಿಗೆ ಈ ವಾದ ತೀರಾ ಹೊಸದೆನಿಸಲಾರದು. ಕಾವ್ಯ ಎಲ್ಲರಿಗೂ ತೆರೆದಿದ್ದರೂ ಸಹೃದಯನಿಗೆ ಮಾತ್ರ ದಕ್ಕುತ್ತದೆ. ಕವಿಯ ಮಾತು ತನ್ನ ಓದುಗನನ್ನು ತಾನೇ ಆರಿಸಿಕೊಳ್ಳುತ್ತದೆ. ಸ್ಪ್ಯಾಮ್ ಬರೆಯುವವನದೂ ಅದೇ ಹುಡುಕಾಟ: ಲಕ್ಷ ಜನರಲ್ಲಿ ತನ್ನ ಮಾತಿಗೆ ಕರಗುವ ಒಂದು ಹೃದಯ. ವ್ಯತ್ಯಾಸ ಸಿಕ್ಕ ಮೇಲೆ ತಿಳಿಯುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಂಥ ಪತ್ರಕ್ಕೆ ಉತ್ತರ ಬರೆದವರನ್ನು ದಡ್ಡರೆಂದು ನಗುವುದು ನನಗೆ ಒಗ್ಗುವುದಿಲ್ಲ. ‘ಇಂದು ಹೇಗಿದ್ದೀರಿ’ ಎಂದು ಬೇರೆ ಯಾರೂ ಕೇಳದ ಮನೆಗಳಿವೆ.

ಇನ್ನು ಜಾಗದ ಮಾತು. ಭಾರತದ ಅನೇಕರು ಮಾಸ್ಟೊಡಾನ್ ಹೆಸರು ಕೇಳಿದ್ದು 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟ್ಟರ್ ಖಾತೆ ಅಮಾನತಾದಾಗ. 2022ರ ಅಕ್ಟೋಬರ್‌ನಲ್ಲಿ ಟ್ವಿಟ್ಟರ್ ಇಲಾನ್ ಮಸ್ಕ್ ಕೈಗೆ ಹೋದಾಗ ಇನ್ನೊಂದು ಗುಂಪು ಬಂತು. ಯಾರೋ ಒಬ್ಬ ಮಾಲೀಕ ಬಾಗಿಲು ಹಾಕುವಂತಿರಬಾರದು ಎಂಬುದೇ ಅಲ್ಲಿಗೆ ಹೋದವರ ಆಸೆ. ಸಾವಿರಾರು ಸಣ್ಣಪುಟ್ಟ ಸರ್ವರ್‌ಗಳು, ಪ್ರತಿಯೊಂದಕ್ಕೂ ಅದರದೇ ಯಜಮಾನ, ಅದರದೇ ನಿಯಮ. ಆಕ್ಟಿವಿಟಿಪಬ್ ಎಂಬ ಸಮಾನ ಭಾಷೆಯಲ್ಲಿ ಅವು ಪರಸ್ಪರ ಮಾತಾಡುತ್ತವೆ. ಈ ಒಕ್ಕೂಟಕ್ಕೆ ಫೆಡಿವರ್ಸ್ ಎನ್ನುತ್ತಾರೆ.

ಇಲ್ಲಿ ಖಾಸಗಿ ಸಂದೇಶ ಎನ್ನುವುದು ವಿಚಿತ್ರ ವಸ್ತು. ಮೊದಲು ಅದನ್ನು ‘ಡೈರೆಕ್ಟ್ ಮೆಸೇಜ್’ ಎನ್ನುತ್ತಿದ್ದರು, ಈಗ ‘ಪ್ರೈವೇಟ್ ಮೆನ್ಷನ್’. ಹೆಸರು ಬದಲಾದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅದು ನಿಜಕ್ಕೂ ‘ಹೆಸರಿಸಿದವರಿಗೆ ಮಾತ್ರ ಕಾಣಲಿ’ ಎಂದು ಗುರುತು ಹಾಕಿದ ಒಂದು ಪೋಸ್ಟ್, ಅಷ್ಟೆ. ಮಾತಿನ ನಡುವೆ ಮೂರನೆಯವರ ಖಾತೆಯ ಹೆಸರು ಬರೆದರೆ ಅವರಿಗೂ ಅದು ತಲುಪಿಬಿಡುತ್ತದೆ. (ಬೆನ್ನ ಹಿಂದೆ ಆಡುವ ಮಾತಿಗೆ ಇದು ಯೋಗ್ಯವಾದ ಸ್ಥಳವಲ್ಲ.) ಸಂದೇಶ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಎರಡೂ ಬದಿಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ನಮ್ಮ ಹಳೆಯ ಅಂಚೆ ಕಾರ್ಡಿನ ಹಾಗೆ: ಪೋಸ್ಟ್‌ಮ್ಯಾನ್ ಓದಬಹುದು, ಪಕ್ಕದ ಮನೆಯವರು ಓದಲಾರರು.

ಸ್ಪ್ಯಾಮಿಗೆ ಬೇಕಾದದ್ದು ಪಕ್ಕದ ಮನೆಯವರು ಓದಲಾರರು ಎಂಬ ಈ ಎರಡನೆಯ ಭಾಗವೇ. ಬಹಿರಂಗ ಪೋಸ್ಟಿನಲ್ಲಿ ಯಾರಾದರೂ ನಕಲಿ ಲಾಟರಿ ಮಾರಿದರೆ ದಾರಿಹೋಕರೂ ಎಚ್ಚರಿಸುತ್ತಾರೆ. ಖಾಸಗಿಯಲ್ಲಿ ಬಂದದ್ದು ನನಗೊಬ್ಬಳಿಗೇ ಕಾಣುತ್ತದೆ. ಅದೇ ಹೊತ್ತಿಗೆ ನನ್ನ ಸರ್ವರ್‌ನ ಇನ್ನೂರು ಜನಕ್ಕೆ ಅದೇ ಪತ್ರ ಹೋಗಿದ್ದರೂ ನನಗೆ ತಿಳಿಯದು. ಮಾಡರೇಟರ್‌ಗಳು ಎಲ್ಲರ ಖಾಸಗಿ ಸಂದೇಶ ಓದುತ್ತ ಕೂರುವುದಿಲ್ಲ, ಕೂರಲೂಬಾರದು. ಯಾರಾದರೂ ದೂರು ಕೊಟ್ಟ ಮೇಲಷ್ಟೇ ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಬ್ಲಾಕ್ ಮಾಡಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಬ್ಲಾಕ್ ಮಾಡಿದರೆ ನಮ್ಮ ಮನೆ ಬಾಗಿಲು ಮುಚ್ಚಿತು, ಬೀದಿಯಲ್ಲಿ ಕಳ್ಳ ಹಾಗೇ ಇದ್ದಾನೆ. ರಿಪೋರ್ಟ್ ಮಾಡುವಾಗ ಆ ಸಂದೇಶವನ್ನೇ ಆರಿಸಿ ಜೋಡಿಸಬೇಕು, ಕಳಿಸಿದವನ ಸರ್ವರ್‌ಗೂ ದೂರು ರವಾನಿಸುವ ಆಯ್ಕೆಯನ್ನು ಒತ್ತಬೇಕು. ಒಂದು ನಿಮಿಷದ ಕೆಲಸ. ಉತ್ತರ ಮಾತ್ರ ಬರೆಯಬಾರದು, ಬೈಗುಳವನ್ನೂ ಕೂಡ; ಖಾತೆಗೆ ಜೀವವಿದೆ ಎಂದು ತಿಳಿದರೆ ಸಾಕು ಅವರಿಗೆ.

2025ರ ಆರಂಭದಲ್ಲಿ ಫೆಡಿವರ್ಸ್‌ನಲ್ಲಿ, ಮುಖ್ಯವಾಗಿ ಲೆಮ್ಮಿಯಲ್ಲಿ, ಒಬ್ಬ ಯುವತಿಯ ಹೆಸರು ಮತ್ತು ಫೋಟೋ ಹೊತ್ತು ಒಂದೇ ಬಗೆಯ ಪರಿಚಯ ಪತ್ರ ಹೊಸ ಹೊಸ ಖಾತೆಗಳಿಂದ ಬರತೊಡಗಿತು. ಸ್ವಲ್ಪ ದಿನದಲ್ಲೇ ಅದು ನಗೆಚಾಟಿಕೆಯಾಯಿತು. ತಮಗೆ ಇನ್ನೂ ಪತ್ರ ಬಂದಿಲ್ಲವೆಂದು ಹುಸಿ ಬೇಸರ ಮಾಡಿಕೊಂಡವರೂ ಇದ್ದರು. ನಗುವುದರಲ್ಲಿ ಒಂದು ರಕ್ಷಣೆಯಿದೆ, ಒಪ್ಪುತ್ತೇನೆ. ಆದರೆ ಆ ಫೋಟೋದಲ್ಲಿರುವ ಹುಡುಗಿ ನಿಜವಾಗಿ ಎಲ್ಲೋ ಇರಬಹುದು ಎಂದು ನೆನಪಾದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಮಾಲೀಕರಿಲ್ಲದ ಜಾಗ ಸ್ಪ್ಯಾಮನ್ನು ಎದುರಿಸುವುದು ಇದೇ ಮೊದಲಲ್ಲ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಅರ್ಪಾನೆಟ್‌ನ ಸುಮಾರು 400 ಜನಕ್ಕೆ ಒಂದೇ ಜಾಹೀರಾತು ಕಳಿಸಿದ. ಮೊದಲ ಸ್ಪ್ಯಾಮ್ ಎಂದು ಅದನ್ನೇ ಹೇಳುತ್ತಾರೆ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಿಗೆ ಸುರಿದರು. ಬೈಗುಳಕ್ಕೆ ಜಗ್ಗಲಿಲ್ಲ, ಹೀಗೆ ದುಡ್ಡು ಮಾಡುವುದು ಹೇಗೆಂದು ಪುಸ್ತಕವನ್ನೇ ಬರೆದರು! ಯೂಸ್‌ನೆಟ್ ಕೂಡ ಒಡೆಯನಿಲ್ಲದ ಒಕ್ಕೂಟವೇ ಆಗಿತ್ತು. ಇಮೇಲ್ ಇಂದಿಗೂ ತಾತ್ವಿಕವಾಗಿ ಹಾಗೇ ಇದೆ, ಯಾರು ಬೇಕಾದರೂ ಸ್ವಂತ ಸರ್ವರ್ ನಡೆಸಬಹುದು. ನಡೆಸಿ ನೋಡಿ. ನಿಮ್ಮ ಪತ್ರ ದೊಡ್ಡ ಕಂಪನಿಗಳ ಸ್ಪ್ಯಾಮ್ ಜರಡಿ ದಾಟಿ ಇನ್‌ಬಾಕ್ಸ್ ಸೇರುವುದೇ ಸಾಹಸ. ಸ್ಪ್ಯಾಮಿನ ಕಾಟಕ್ಕೆ ಬೇಸತ್ತ ಜನ ಒಳ್ಳೆಯ ಜರಡಿ ಇದ್ದ ಕಡೆ ಹೋದರು, ಒಳ್ಳೆಯ ಜರಡಿ ಇದ್ದದ್ದು ದೊಡ್ಡವರ ಬಳಿ. ಯಾವ ಮಾಲೀಕನೂ ಬಲವಂತ ಮಾಡಲಿಲ್ಲ. ನನ್ನ ಆತಂಕ ಇರುವುದು ಇಲ್ಲಿ: ಫೆಡಿವರ್ಸ್ ಕೂಡ ಇದೇ ದಾರಿಯಲ್ಲಿ ಮತ್ತೆ ನಾಲ್ಕಾರು ದೊಡ್ಡ ಮನೆಗಳಾಗಿ ಕುಗ್ಗಿಬಿಟ್ಟರೆ?

2024ರ ಫೆಬ್ರವರಿಯಲ್ಲಿ ಅದರ ಸೂಚನೆ ಕಂಡಿತು. ಯಾರೂ ಕಣ್ಣಿಡದ, ನೋಂದಣಿ ಎಲ್ಲರಿಗೂ ತೆರೆದಿದ್ದ ಸಣ್ಣ ಸರ್ವರ್‌ಗಳಲ್ಲಿ ಯಂತ್ರದಿಂದ ಖಾತೆ ತೆರೆದು ಫೆಡಿವರ್ಸ್ ತುಂಬ ಸ್ಪ್ಯಾಮ್ ಹರಿಸಲಾಯಿತು. ಅದು ಖಾಸಗಿ ಪತ್ರಗಳ ದಾಳಿಯಾಗಿರಲಿಲ್ಲ, ಆದರೆ ಬಾಗಿಲು ಅದೇ. ದೊಡ್ಡ ಸರ್ವರ್‌ಗಳು ಈ ಸಣ್ಣವುಗಳ ಜೊತೆ ಸಂಪರ್ಕವನ್ನೇ ಕಡಿದುಕೊಂಡವು. ಅಲ್ಲಿದ್ದ ನಾಲ್ಕು ಜನ ನಿಜವಾದ ಬಳಕೆದಾರರ ದನಿಯೂ ಅದರ ಜೊತೆಗೇ ಹೋಯಿತು. ಆಮೇಲೆ ಮಾಸ್ಟೊಡಾನ್ ಒಂದು ಬದಲಾವಣೆ ತಂದಿತು: ವಾರವಿಡೀ ಯಾವ ಮಾಡರೇಟರೂ ಇಣುಕದಿದ್ದರೆ ಮುಕ್ತ ನೋಂದಣಿ ತಾನಾಗಿ ನಿಂತು, ಹೊಸಬರಿಗೆ ಒಪ್ಪಿಗೆ ಬೇಕಾಗುತ್ತದೆ. ನನಗೆ ಇದು ಬಹಳ ಹಿಡಿಸಿತು. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡಿರಲಿ ಎಂಬ ಸಾದಾ ವಿವೇಕ ಅದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ 4.3ನೇ ಆವೃತ್ತಿಯಲ್ಲಿ ಬಳಕೆದಾರರಿಗೂ ಒಂದು ಜರಡಿ ಸಿಕ್ಕಿತು. ನಾನು ಅನುಸರಿಸದವರು, ಹೊಸ ಖಾತೆಗಳು, ಕೇಳದೆ ಬಂದ ಖಾಸಗಿ ಸಂದೇಶಗಳು, ಹೀಗೆ ಒಂದೊಂದು ಬಗೆಗೂ ಸ್ವೀಕರಿಸು, ಬೇರೆ ಪೆಟ್ಟಿಗೆಗೆ ಹಾಕು, ಪೂರ್ತಿ ಕಡೆಗಣಿಸು ಎಂಬ ಮೂರು ಆಯ್ಕೆ. ನಾನು ನಡುವಿನದನ್ನು ಇಟ್ಟುಕೊಂಡಿದ್ದೇನೆ. ಕಡೆಗಣಿಸುವ ಗುಂಡಿ ಒತ್ತಿದರೆ ನೆಮ್ಮದಿ ಹೆಚ್ಚು, ನಿಜ. ಆದರೆ ಬರೆದವರಿಗೆ ತಮ್ಮ ಪತ್ರ ಯಾರೂ ನೋಡಲಿಲ್ಲವೆಂದು ಯಾವತ್ತೂ ತಿಳಿಯುವುದಿಲ್ಲ. ಹೊಸ ಖಾತೆ, ಪರಿಚಯವಿಲ್ಲ, ನೇರವಾಗಿ ಖಾಸಗಿ ಸಂದೇಶ: ಸ್ಪ್ಯಾಮಿನ ಈ ಲಕ್ಷಣಗಳೆಲ್ಲ ನಾಚಿಕೆಯ ವಿದ್ಯಾರ್ಥಿಯೊಬ್ಬನ ಮೊದಲ ಪತ್ರದ ಲಕ್ಷಣಗಳೂ ಹೌದು. ಬಹಿರಂಗವಾಗಿ ಕೇಳಲು ಅಂಜುವವರೇ ಖಾಸಗಿಯಾಗಿ ಬರೆಯುತ್ತಾರೆ. ಹಳೆಯ ಪತ್ರಿಕೆಯೊಂದರ ಸಂಚಿಕೆ ಎಲ್ಲಿ ಸಿಗುತ್ತದೆ ಎಂದು ಕೇಳಿದ ಎಂ.ಎ. ವಿದ್ಯಾರ್ಥಿನಿಯ ಸಂದೇಶ ನನಗೆ ಸಿಕ್ಕಿದ್ದು ಆ ಪೆಟ್ಟಿಗೆಯಲ್ಲೇ, ಎರಡು ‘ಆತ್ಮೀಯ’ಗಳ ನಡುವೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಅದನ್ನು ತೆರೆಯುತ್ತೇನೆ.

ಭಾಷೆಯ ಪ್ರಶ್ನೆ ಬೇರೆಯೇ ಇದೆ. ನಾನಿರುವ ಸರ್ವರ್ ನಡೆಸುವವರಲ್ಲಿ ಯಾರಿಗೂ ಕನ್ನಡ ಬಾರದು. ಸಂಬಳವಿಲ್ಲದೆ, ಕೆಲಸ ಮುಗಿಸಿ ರಾತ್ರಿ ಕೂತು ದೂರು ಓದುವವರು ಅವರು. ಕನ್ನಡದ ಸಂದೇಶದ ಮೇಲೆ ದೂರು ಬಂದರೆ ಯಂತ್ರಾನುವಾದಕ್ಕೆ ಹಾಕಿ ನೋಡುತ್ತಾರೆ. ಯಂತ್ರದ ಕೈಗೆ ಸಿಕ್ಕಿದರೆ ಅಪ್ಪಟ ಕನ್ನಡವೂ ‘ಹೇಗೆ ಮಾಡುತ್ತಿದ್ದೀರಿ’ಯ ಇಂಗ್ಲಿಷ್ ಸೋದರನಂತೆ ಕೇಳಿಸುತ್ತದೆ. ಹೀಗಾಗಿ ಕನ್ನಡದ ದೂರುಗಳನ್ನು ಓದಿ ಹೇಳಲು ನನ್ನನ್ನು ಕೇಳಿದರು, ಒಪ್ಪಿಕೊಂಡೆ.

ಈಚೆಗೆ ಬಂದ ದೂರು ಒಂದು ಕವನ ಸಂಕಲನದ ಬಿಡುಗಡೆಯ ಆಮಂತ್ರಣದ ಮೇಲೆ. ಕವಿ ಹೊಸಬರು, ಖಾತೆ ನಾಲ್ಕು ದಿನದ್ದು, ಹದಿನೇಳು ಜನಕ್ಕೆ ಖಾಸಗಿಯಾಗಿ ಒಂದೇ ಪಠ್ಯ ಹೋಗಿದೆ, ಮೊದಲ ಪದ ‘ಆತ್ಮೀಯರೇ’. ಫೇಸ್‌ಬುಕ್‌ನಲ್ಲಿ ಟ್ಯಾಗ್, ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ನೋಡಿ ಅಭ್ಯಾಸವಾದ ನಮಗೆ ಇದು ಸಾಹಿತ್ಯ ಚಟುವಟಿಕೆ. ಸರ್ವರ್‌ನ ನಿಯಮದ ಪ್ರಕಾರ ಶುದ್ಧ ಸ್ಪ್ಯಾಮ್. ದೂರು ಕೊಟ್ಟವರೂ ಕನ್ನಡದ ಓದುಗರೇ. ನಾನು ಇಡೀ ಸಂದೇಶವನ್ನು ಎರಡು ಸಲ ಓದಿದೆ. ಸಭಾಂಗಣದ ವಿಳಾಸವಿತ್ತು, ಬಸ್ಸು ಎಲ್ಲಿ ಇಳಿಯಬೇಕೆಂದಿತ್ತು, ಕೊನೆಯಲ್ಲಿ ‘ತಿಂಡಿಯ ವ್ಯವಸ್ಥೆ ಇದೆ’ ಎಂದಿತ್ತು. ಖಾತೆ ತೆಗೆಯುವುದು ಬೇಡ, ಇನ್ನು ಮುಂದೆ ಬಹಿರಂಗವಾಗಿ ಹಾಕಲು ತಿಳಿಸಿ ಎಂದು ಬರೆದೆ. ಸರ್ವರ್‌ನವರು ಕೇಳಿದರು: ಹದಿನೇಳು ಸರಿ, ಎಪ್ಪತ್ತು ಆಗಿದ್ದರೆ? ಅವರಿಗೆ ನಾನಿನ್ನೂ ಉತ್ತರ ಬರೆದಿಲ್ಲ.