ಹದಿನೆಂಟರ ನಂತರದ ಹಗಲು

ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ಮೆಚ್ಚಿದ ನಮ್ಮಲ್ಲಿ ಎಷ್ಟು ಮಂದಿ ಅದನ್ನು ನೇಯುವ ಮನೆಯೊಳಗೆ ಹೋಗಿ ಕುಳಿತಿದ್ದೇವೆ? ಅಂಥದೊಂದು ಮನೆಗೆ ನಾನು ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಗಂಡ ಮಗ್ಗದಲ್ಲಿ, ಹೆಂಡತಿ ರಾಟೆಯ ಮುಂದೆ. ಬೌದ್ಧಿಕ ವೈಕಲ್ಯವುಳ್ಳ ಮಗ ಹೊಸ್ತಿಲ ಬಳಿ. ಚಿಕ್ಕವನಿದ್ದಾಗ ಶಾಲೆ ಅವನನ್ನು ಸೇರಿಸಿಕೊಂಡಿತ್ತು. ಆಮೇಲೆ ಶಿಕ್ಷಕರೊಬ್ಬರು ಮನೆಗೇ ಬಂದು ಕಲಿಸುತ್ತಿದ್ದರು. ಹದಿನೆಂಟು ತುಂಬಿದ ಮೇಲೆ ಯಾರೂ ಬರಲಿಲ್ಲ. ತಾಯಿ ಸಂತೆಗೆ ಹೋಗಬೇಕಾದ ದಿನ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಾಳೆ. “ಮಗ ಬೆಳೆದಿದ್ದೇ ತಪ್ಪಾತೇನು ಸ್ವಾಮಿ?” ಎಂದು ಆಕೆ ಒಮ್ಮೆ ಕೇಳಿದಳು.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯನ್ನು ಮತ್ತೊಮ್ಮೆ ಓದಿದೆ. ಒಳ್ಳೆಯ ಕಾಯಿದೆ, ಹಳೆಯ 1995ರ ಕಾಯಿದೆ ಗುರುತಿಸಿದ್ದ ಏಳು ಬಗೆಯ ವೈಕಲ್ಯಗಳನ್ನು ಇದು ಇಪ್ಪತ್ತೊಂದಕ್ಕೆ ಏರಿಸಿತು. ಸಮುದಾಯದ ನಡುವೆ ಬಾಳುವ ಹಕ್ಕನ್ನು 5ನೇ ಸೆಕ್ಷನ್ನಿನಲ್ಲಿ ಮನ್ನಿಸಿತು. ಆದರೆ ಉಚಿತ ಶಿಕ್ಷಣದ ಹಕ್ಕನ್ನು ಹೇಳುವ 31ನೇ ಸೆಕ್ಷನ್ ಆರರಿಂದ ಹದಿನೆಂಟು ವರ್ಷಗಳ ನಡುವೆ ಗೆರೆ ಎಳೆಯುತ್ತದೆ. ಗೆರೆಯ ಈಚೆಗೆ ಶಾಲೆ, ಪಾಠ, ಹಾಜರಿ ಪುಸ್ತಕ. ಗೆರೆಯ ಆಚೆಗೆ ಆ ಯುವಕನ ಹಗಲು ಹೇಗೆ ಕಳೆಯಬೇಕು? ಹಕ್ಕುಗಳ ಸಾಲಿನಲ್ಲಿ ಇದಕ್ಕೆ ಅಷ್ಟೇ ಸ್ಪಷ್ಟವಾದ ಉತ್ತರವಿಲ್ಲ.

1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿತ್ತು ಎಂದೇ ನನ್ನ ಅಭಿಪ್ರಾಯ. ಹಗಲು ಪಾಲನೆಯನ್ನೂ, ಮನೆಯವರಿಗೆ ಕೆಲ ದಿನಗಳ ಬಿಡುವು ಕೊಡುವ ಆರೈಕೆಯನ್ನೂ ಅದು ಹೆಸರಿಸಿಯೇ ಹೇಳಿತು. ‘ವಿಕಾಸ್’ ಎಂಬ ಅದರ ಯೋಜನೆ ಹತ್ತು ವರ್ಷ ದಾಟಿದವರಿಗೆ ದಿನಕ್ಕೆ ಆರು ಗಂಟೆಯ ಪಾಲನೆಯನ್ನು ಕಲ್ಪಿಸಿಕೊಂಡಿತ್ತು. ‘ಸಮರ್ಥ್’ ಬಿಡುವಿನ ಆರೈಕೆಗಾಗಿ ರೂಪಿಸಿದ್ದು. ಆದರೆ ಇವನ್ನು ನಡೆಸಬೇಕಾದದ್ದು ನೋಂದಾಯಿತ ಸಂಸ್ಥೆ. ಸಂಸ್ಥೆ ಇಲ್ಲದ ಊರಿಗೆ ಯೋಜನೆಯೂ ಇಲ್ಲ. ಮೊಳಕಾಲ್ಮುರಿನಿಂದ ಚಿತ್ರದುರ್ಗಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. ಜಿಲ್ಲಾ ಕೇಂದ್ರದ ಹಗಲು ಪಾಲನೆಗೆ ಮಗನನ್ನು ಕರೆದೊಯ್ದು ಕರೆತರುವುದರಲ್ಲೇ ಆ ತಾಯಿಯ ಹಗಲು ಮುಗಿಯುತ್ತದೆ.

ಬಿಡುವು ಎಂದಾಗ ಅದನ್ನು ತಾಯಂದಿರ ವಿಶ್ರಾಂತಿಯ ಬಯಕೆ ಎಂದು ತಿಳಿಯಬೇಡಿ. ಚಳ್ಳಕೆರೆಯ ಸೀಮೆಯಲ್ಲಿ ಶೇಂಗಾ ಕೀಳುವ ಕಾಲ ಬಂದರೆ ಮನೆಯ ಎಲ್ಲ ಕೈಗಳೂ ಹೊಲದಲ್ಲಿರಬೇಕು. ಮಳೆ ಕೈಕೊಟ್ಟ ವರ್ಷ ಕೂಲಿ ಹುಡುಕಿ ಊರೇ ಬಿಡಬೇಕಾಗುತ್ತದೆ. ಹೆರಿಗೆ, ಶಸ್ತ್ರಚಿಕಿತ್ಸೆ, ಸಾವು ಯಾವ ಮನೆಗೆ ಬರುವುದಿಲ್ಲ? ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ನಾಲ್ವರು. ನಮ್ಮ ಹಳ್ಳಿಗಳಲ್ಲಿ ಆ ನಾಲ್ವರ ಹೊರೆಯನ್ನು ಒಬ್ಬಳೇ ಹೊರುತ್ತಿದ್ದಾಳೆ, ಆಕೆಗೂ ವಯಸ್ಸಾಗುತ್ತಿದೆ.

ಹಾಗಾದರೆ ಹತ್ತಿರದಲ್ಲೇ ಒಂದು ಕೇಂದ್ರ ತೆರೆಯೋಣ ಎನ್ನುತ್ತೀರಿ. ಇಲ್ಲಿ ನಿಯಂತ್ರಣದ ಪ್ರಶ್ನೆ ಏಳುತ್ತದೆ. 2016ರ ಕಾಯಿದೆಯ 50ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರವಿಲ್ಲದೆ ವಿಕಲಚೇತನರ ಸಂಸ್ಥೆಯನ್ನು ಯಾರೂ ನಡೆಸುವಂತಿಲ್ಲ. ಸರಿಯೇ. ಆದರೆ ‘ಸಂಸ್ಥೆ’ ಎಂಬ ಒಂದೇ ಚೀಲದಲ್ಲಿ ಆಶ್ರಯ, ಪಾಲನೆ, ಶಿಕ್ಷಣ, ತರಬೇತಿ, ಪುನರ್ವಸತಿ ಎಲ್ಲವನ್ನೂ ತುಂಬಲಾಗಿದೆ. ನೂರು ಮಂದಿ ಮಲಗುವ ವಸತಿಗೃಹಕ್ಕೂ, ಎಂಟು ಯುವಕರು ಹಗಲು ಕೂಡುವ ಒಂದು ಕೊಠಡಿಗೂ ಅದೇ ವ್ಯಾಖ್ಯೆ. ಸಣ್ಣದು ಕಾಗದಗಳಿಗೆ ಹೆದರಿ ಹುಟ್ಟುವುದೇ ಇಲ್ಲ. ದೊಡ್ಡದು ಒಮ್ಮೆ ಪತ್ರ ಪಡೆದು ಗೋಡೆಗೆ ತೂಗುಹಾಕುತ್ತದೆ.

ಆ ಪತ್ರ ತಾಯಿಗೆ ಏನು ಹೇಳುತ್ತದೆ? ಕಟ್ಟಡ, ಶೌಚಾಲಯ, ಸಿಬ್ಬಂದಿಯ ಸಂಖ್ಯೆ ಇವೆಲ್ಲ ಬೇಕು. ಆದರೆ ಇಪ್ಪತ್ತು ವರ್ಷದ ಹುಡುಗಿಗೆ ಸ್ನಾನ ಮಾಡಿಸುವವರು ಯಾರು? ರಾತ್ರಿ ಎಚ್ಚರವಿರುವವರು ಯಾರು? ಮನೆಯವರು ಹೇಳದೆ ಕೇಳದೆ ಬಂದರೆ ಒಳಗೆ ಬಿಡುತ್ತಾರೆಯೇ? ಮಾತು ಬಾರದವನು ದೂರನ್ನು ಯಾರಿಗೆ, ಹೇಗೆ ತಿಳಿಸಬೇಕು? ಪ್ರಾಯಕ್ಕೆ ಬಂದವನನ್ನು ಇನ್ನೂ ಶಿಶುವಿಹಾರದ ಹಾಡಿಗೆ ಚಪ್ಪಾಳೆ ತಟ್ಟಿಸುತ್ತಾ ಕೂರಿಸಿದ್ದಾರೆಯೇ, ಅಥವಾ ನೂಲು ಸುತ್ತಲು, ಸಸಿಗೆ ನೀರುಣಿಸಲು ಕಲಿಸುತ್ತಿದ್ದಾರೆಯೇ? ತಪಾಸಣೆ ಎಂದರೆ ಇವನ್ನು ಕೇಳುವುದು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಇಂಥ ಸಂಸ್ಥೆಗಳನ್ನು ನಡೆಸುವ ಗುರುಗಳೂ ಧರ್ಮಭಗಿನಿಯರೂ ತಪಾಸಣೆಯ ಹೆಸರೆತ್ತಿದರೆ ನೊಂದುಕೊಳ್ಳುವುದುಂಟು: ‘ನಾವು ಪ್ರೀತಿಯಿಂದ ಮಾಡುತ್ತಿದ್ದೇವೆ, ನಮ್ಮ ಮೇಲೆ ಸಂದೇಹವೇ?’ ನಾನೂ ಒಂದು ಕಾಲದಲ್ಲಿ ಹೀಗೇ ಯೋಚಿಸುತ್ತಿದ್ದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮನೋರೋಗಿಗಳು ಸುಟ್ಟು ಸತ್ತರು. ಪ್ರಾರ್ಥನೆಯಿಂದ ಗುಣವಾದೀತೆಂದು ನಂಬಿ ಮನೆಯವರು ಅವರನ್ನು ಆ ದರ್ಗಾದ ಊರಿಗೆ ಕರೆತಂದಿದ್ದರು. ಅದು ಬೇರೆಯವರ ಕಥೆ ಎಂದು ಸುಮ್ಮನಾಗುವಂತಿಲ್ಲ. ಬೌದ್ಧಿಕ ವೈಕಲ್ಯವುಳ್ಳವರೊಂದಿಗೆ ಒಂದೇ ಮನೆಯಲ್ಲಿ ಬಾಳುವ ‘ಲಾರ್ಷ್’ ಸಮುದಾಯವನ್ನು 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಜೀನ್ ವಾನಿಯೆ ಅವರನ್ನು ನಾವು ಜೀವಂತ ಸಂತರೆಂದೇ ಭಾವಿಸಿದ್ದೆವು. 1970ರಲ್ಲಿ ಬೆಂಗಳೂರಿನಲ್ಲಿ ಆಶಾನಿಕೇತನ ಹುಟ್ಟಿದ್ದು ಅದೇ ಪರಂಪರೆಯಲ್ಲಿ. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಅವರು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂಬುದನ್ನು ಲಾರ್ಷ್ ತಾನೇ ತನಿಖೆ ಮಾಡಿಸಿ ಪ್ರಕಟಿಸಿತು; 2023ರ ವರದಿ ಕನಿಷ್ಠ 25 ಮಹಿಳೆಯರನ್ನು ಗುರುತಿಸಿತು. ಅವರಲ್ಲಿ ವಿಕಲಚೇತನರು ಇರಲಿಲ್ಲ. ಆದರೂ ಆ ವರದಿಯ ಸುದ್ದಿ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪಾವಿತ್ರ್ಯದ ಹೆಸರು ಎಷ್ಟು ದೊಡ್ಡದೋ, ಒಳಗೆ ಇಣುಕಿ ನೋಡುವ ಧೈರ್ಯ ಅಷ್ಟು ಕಡಿಮೆಯಾಗುತ್ತದೆ.

ಆದ್ದರಿಂದ ನಾನು ಕೇಳುವುದು ಹಗುರವಾದ ನೋಂದಣಿ, ಬಿಗಿಯಾದ ಕಣ್ಗಾವಲು. ಸಣ್ಣ ಹಗಲು ಕೇಂದ್ರಕ್ಕೆ ತಾಲ್ಲೂಕು ಮಟ್ಟದಲ್ಲೇ ಅನುಮತಿ ಸಿಗಲಿ. ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರನ್ನು ಪಿಂಚಣಿಯ ಕಾಗದಗಳಿಗಷ್ಟೇ ಮೀಸಲಿಡದೆ, ತಿಳಿಸದೆ ಭೇಟಿ ಕೊಡುವ ಅಧಿಕಾರವನ್ನು ಅವರಿಗೂ ಇಬ್ಬರು ಪೋಷಕರಿಗೂ ಕೊಡಲಿ. ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿಯೊಂದು ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಇರಬೇಕೆಂದು 1999ರ ಕಾಯಿದೆಯೇ ಹೇಳುತ್ತದೆ. ಸಹಿ ಹಾಕುವವರು ಯಾರೆಂದು ಕೇಳುವ ಆ ಸಮಿತಿ, ಹಗಲು ನೋಡಿಕೊಳ್ಳುವವರು ಯಾರೆಂದೂ ಕೇಳಲಿ. ನಮ್ಮ ಧರ್ಮಕೇಂದ್ರಗಳ ಸಭಾಭವನಗಳು ಸೋಮವಾರದಿಂದ ಶನಿವಾರದವರೆಗೆ ಬಹುಪಾಲು ಬೀಗ ಹಾಕಿಕೊಂಡೇ ಇರುತ್ತವೆ. ಅವುಗಳ ಬಾಗಿಲನ್ನು ಯುವಜನರಿಗೂ, ಅವರೊಂದಿಗೆ ಬರುವ ತನಿಖಾಧಿಕಾರಿಗೂ ನಾವೇ ಮೊದಲು ತೆರೆಯಬಹುದು.

ಆ ನೇಕಾರರ ಮನೆಗೆ ಕಳೆದ ಬಾರಿ ಹೋದಾಗ ದೂರದ ಊರಿನ ಒಂದು ವಸತಿ ಸಂಸ್ಥೆಯ ವಿಷಯ ಹೇಳಿದೆ. ತಾಯಿ ಶುಲ್ಕವನ್ನು ಕೇಳಲಿಲ್ಲ, ಊಟವನ್ನೂ ಕೇಳಲಿಲ್ಲ. “ರಾತ್ರಿ ಹೊತ್ತು ಅಲ್ಲಿ ಯಾರಿರ್ತಾರೆ ಸ್ವಾಮಿ?” ಎಂದಳು. ಅಲ್ಲೇ ಕುಳಿತು ದೂರವಾಣಿ ಮಾಡಿದೆ. “ಎಲ್ಲ ಚೆನ್ನಾಗಿದೆ ಫಾದರ್, ನೀವೇನೂ ಚಿಂತೆ ಮಾಡಬೇಡಿ” ಎಂಬ ಉತ್ತರ ಬಂತು. ಅದನ್ನೇ ಆಕೆಗೆ ಹೇಳಿದೆ. ಆಕೆ ತಲೆಯಾಡಿಸಿ ಮತ್ತೆ ರಾಟೆಯ ಮುಂದೆ ಕುಳಿತಳು.