ಜೀತ: ವಿಮೋಚನೆಯ ಶಾಸನ ಮತ್ತು ಸಾಲದ ಸಂಕೋಲೆ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಕನ್ನಡ ವಿಮರ್ಶೆಯು ಬಹುಮಟ್ಟಿಗೆ ಅಸ್ಪೃಶ್ಯತೆಯ ದುರಂತವೆಂದೇ ಓದಿಕೊಂಡು ಬಂದಿದೆ. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಚೋಮನು ಕೃತಿಯುದ್ದಕ್ಕೂ ಬೇಡುವುದು ಬಿಡುಗಡೆಯನ್ನಲ್ಲ, ಉಳಲು ಒಂದು ತುಂಡು ನೆಲವನ್ನು. ಕಾದಂಬರಿ ಪ್ರಕಟವಾಗುವುದಕ್ಕೆ ತೊಂಬತ್ತು ವರ್ಷಗಳ ಹಿಂದೆಯೇ, 1843ರ ಐದನೆಯ ಕಾಯಿದೆಯಿಂದ, ಕೆನರಾ ಜಿಲ್ಲೆಯೂ ಸೇರಿದಂತೆ ಕಂಪನಿಯ ಆಡಳಿತ ಪ್ರದೇಶಗಳಲ್ಲಿ ಗುಲಾಮಗಿರಿಯು ಕಾನೂನಿನ ಮನ್ನಣೆಯನ್ನು ಕಳೆದುಕೊಂಡಿತ್ತು. ಹಾಗಿದ್ದ ಮೇಲೆ ಚೋಮನನ್ನು ಕಟ್ಟಿಹಾಕಿದ್ದು ಯಾವುದು? ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಬ್ರಿಟಿಷ್ ಸಂಸತ್ತು 1833ರಲ್ಲಿ ವಸಾಹತುಗಳ ಗುಲಾಮಗಿರಿಯನ್ನು ರದ್ದುಗೊಳಿಸಿ, ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಗುಲಾಮರಿಗೆ ಏನನ್ನೂ ಕೊಡಲಿಲ್ಲ. ಇದರ ಹಿಂದಿನ ಪ್ರೇರಣೆ ಧರ್ಮಬುದ್ಧಿಗಿಂತ ಕೈಗಾರಿಕಾ ಬಂಡವಾಳದ ಹಿತಾಸಕ್ತಿ ಎಂದು ಎರಿಕ್ ವಿಲಿಯಮ್ಸ್ 1944ರಲ್ಲಿ ವಾದಿಸಿದನು. ಗುಲಾಮ ವ್ಯಾಪಾರವು ಲಾಭದಾಯಕವಾಗಿದ್ದಾಗಲೇ ನಿಷೇಧಕ್ಕೊಳಗಾಯಿತೆಂದು ಸೇಮೋರ್ ಡ್ರೆಶರ್ 1977ರಲ್ಲಿ ಅದನ್ನು ಖಂಡಿಸಿದನು. ಇವೆರಡರ ನಡುವೆ, 1831ರ ಜಮೈಕಾ ದಂಗೆಯಂತಹ ಗುಲಾಮರದೇ ಪ್ರತಿರೋಧಕ್ಕೂ ಸಲ್ಲಬೇಕಾದ ಪಾಲಿದೆ. ನಮಗೆ ಮುಖ್ಯವಾದುದು ಬೇರೊಂದು ಸಂಗತಿ: ಆ ಶಾಸನವು ಕಂಪನಿಯ ಭಾರತವನ್ನು ಹೊರಗಿಟ್ಟಿತು. ಇಲ್ಲಿನ ದಾಸ್ಯವು ಬೇಸಾಯದೊಡನೆ, ಬೇಸಾಯವು ಕಂದಾಯದೊಡನೆ ಹೆಣೆದುಕೊಂಡಿದ್ದುದರಿಂದ ಅದನ್ನು ಕದಲಿಸಲು ಅಧಿಕಾರಿಗಳು ಹಿಂಜರಿದರು. ಹತ್ತು ವರ್ಷಗಳ ಅನಂತರ ಬಂದ 1843ರ ಕಾಯಿದೆಯೂ ಯಾರನ್ನೂ ನೇರವಾಗಿ ಬಿಡುಗಡೆ ಮಾಡಲಿಲ್ಲ. ಒಡೆತನದ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಲಾರವು ಎಂದಷ್ಟೇ ಸಾರಿತು. ಒಡೆಯನಿಗೆ ಪರಿಹಾರವಿಲ್ಲ, ಆಳಿಗೆ ನೆಲವಿಲ್ಲ. ಕೆನರಾದ ‘ಮೂಲದಾಳು’ ಕಾನೂನಿನ ಕಣ್ಣಿನಲ್ಲಿ ಸ್ವತಂತ್ರನಾದರೂ ಅದೇ ಗದ್ದೆಯ ಅಂಚಿನಲ್ಲಿಯೇ ಉಳಿದನು.

ಕಾನೂನು ಹೀಗೆ ಬಿಟ್ಟುಕೊಟ್ಟ ಜಾಗವನ್ನು ಸಾಲವು ತುಂಬಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಘಟ್ಟದ ಕಾಫಿ ತೋಟಗಳು ಹಬ್ಬತೊಡಗಿದಾಗ ಅವುಗಳಿಗೆ ಬೇಕಾದದ್ದು ಊರಿನಿಂದ ಕದಲಬಲ್ಲ, ಆದರೆ ತೋಟದಿಂದ ಕದಲಲಾರದ ಆಳು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯಾಗಿ ಕಾಣುವ 1859ರ ಹದಿಮೂರನೆಯ ಕಾಯಿದೆ ಆ ಅಗತ್ಯವನ್ನು ಪೂರೈಸಿತು. ಒಂದು ಕೈಯಿಂದ ಒಡೆತನವನ್ನು ಅಳಿಸಿದ ಪ್ರಭುತ್ವವೇ ಇನ್ನೊಂದು ಕೈಯಿಂದ ಮುಂಗಡಕ್ಕೆ ದಂಡನೆಯ ಬಲವನ್ನು ಕೊಟ್ಟಿತು. ಈ ಕಾಯಿದೆ 1925ರಲ್ಲಿ ರದ್ದಾಯಿತು.

ಈ ಹಿನ್ನೆಲೆಯಲ್ಲಿ ಕಾದಂಬರಿಯ ಸ್ಥಳವಿನ್ಯಾಸವನ್ನು ಗಮನಿಸಬೇಕು. ಸಂಕಪ್ಪಯ್ಯನ ಗದ್ದೆ, ಘಟ್ಟದ ತೋಟ, ಇವೆರಡರ ನಡುವೆ ಚೋಮನ ಗುಡಿಸಲು. ತೋಟದ ಸಾಲವನ್ನು ತೀರಿಸಲು ಚನಿಯ, ಗುರುವ ಹೋಗುತ್ತಾರೆ. ಗುರುವ ಮತಾಂತರಗೊಂಡು ಮನೆಗೆ ಎರವಾಗುತ್ತಾನೆ. ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಸಾಲ ಮಾತ್ರ ಉಳಿಯುತ್ತದೆ. ಕೊನೆಗೆ ಅದು ತೀರುವುದು ಕೂಲಿಯ ಲೆಕ್ಕದಿಂದಲ್ಲ, ಬೆಳ್ಳಿಯ ದೇಹದಿಂದ. ದಂಡನೆಯ ಕಾಯಿದೆ ರದ್ದಾಗಿ ಎಂಟು ವರ್ಷಗಳಾದ ಮೇಲೆ ಬಂದ ಈ ಕೃತಿಯಲ್ಲಿ ಸಾಲಕ್ಕೆ ಪೊಲೀಸರ ನೆರವೂ ಬೇಕಾಗಿಲ್ಲ. ಕಾರಂತರ ನಿರೂಪಣೆಯು ತೋಟವನ್ನು ಹೆಂಡ ಮತ್ತು ಕಾಮಗಳ ನೈತಿಕ ಪತನದ ತಾಣವಾಗಿ ಕಾಣುವತ್ತ ವಾಲುವುದು ನಿಜ. ಇದು ಕೃತಿಯ ಮಿತಿ. ಆದರೆ ಘಟನೆಗಳ ಹೆಣಿಗೆಯು ನಿರೂಪಕನಿಗಿಂತ ಹೆಚ್ಚನ್ನು ಬಲ್ಲುದು. ನೆಲವನ್ನು ನಿರಾಕರಿಸುವ ಜಾತಿ, ಆಳನ್ನು ಬಯಸುವ ಬಂಡವಾಳ—ಇವು ಪರಸ್ಪರ ವಿರೋಧಿಗಳಲ್ಲ, ಪೂರಕ ಶಕ್ತಿಗಳು ಎಂಬುದನ್ನು ಅದು ತೋರಿಸಿಕೊಡುತ್ತದೆ.

ಹೈದರಾಬಾದಿನಲ್ಲಿ ಕುಳಿತು ಈ ಕೃತಿಯನ್ನು ಓದುವವರಿಗೆ ಇನ್ನೊಂದು ಹೋಲಿಕೆ ಒದಗುತ್ತದೆ. 1843ರ ಕಾಯಿದೆ ನಿಜಾಮರ ರಾಜ್ಯಕ್ಕೆ ಅನ್ವಯಿಸುತ್ತಿರಲಿಲ್ಲ. ಇಲ್ಲಿ, ಮುಖ್ಯವಾಗಿ ತೆಲಂಗಾಣದಲ್ಲಿ, ಸಾಲಕ್ಕೆ ಪ್ರತಿಯಾಗಿ ದುಡಿಯುವ ‘ಭಗೇಲಾ’ ಪದ್ಧತಿ ಬೇರುಬಿಟ್ಟಿತ್ತು. ಅದನ್ನು ಹತೋಟಿಗೆ ತರುವ ನಿಯಮವು 1943ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷಗಳ ಬಳಿಕ ಬಂದಿತು. ಕಾನೂನಿನ ದಾರಿಗಳು ಬೇರೆಯಾದರೂ ಕರಾವಳಿಯ ಆಳೂ ತೆಲಂಗಾಣದ ಭಗೇಲನೂ ತಲುಪಿದ್ದು ಒಂದೇ ನೆಲೆಯನ್ನು. ಮುಂದೆ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ತನ್ನ ಪಟ್ಟಿಯಲ್ಲಿ ‘ಭಗೇಲಾ’, ‘ಜೀತ’ಗಳನ್ನೂ, ಜಾತಿಯ ಹೆಸರನ್ನೇ ನೆನಪಿಸುವ ‘ಹೊಲ್ಯ’ವನ್ನೂ ಒಟ್ಟಿಗೆ ಹೆಸರಿಸಿತು.

‘ಜೀತ’ ಎಂಬ ಪದವೂ ಇಲ್ಲಿ ಒಂದು ದಾಖಲೆಯೇ. ‘ಜೀವಿತ’ದ ತದ್ಭವವಾದ ಇದಕ್ಕೆ ಹಿಂದಿನ ಕನ್ನಡದಲ್ಲಿ ಸಂಬಳ, ಜೀವನೋಪಾಯ ಎಂಬ ಅರ್ಥಗಳಿದ್ದವು. ಈ ನಗರದಲ್ಲಿ ತೆಲುಗು ನೌಕರನು ಇಂದಿಗೂ ತನ್ನ ತಿಂಗಳ ಸಂಬಳವನ್ನು ‘ಜೀತಂ’ ಎಂದೇ ಕರೆಯುತ್ತಾನೆ. ಕನ್ನಡದಲ್ಲಿ ಅದೇ ಪದವು ಸಂಬಳವಿಲ್ಲದ ದುಡಿಮೆಗೆ ಹೆಸರಾಗಿದೆ. ಕೂಲಿಯು ಸಾಲವಾಗಿ, ಸಾಲವು ಸಂಕೋಲೆಯಾಗಿ ಮಾರ್ಪಟ್ಟ ಚರಿತ್ರೆಯನ್ನು ಈ ಅರ್ಥಪಲ್ಲಟದಲ್ಲಿ ಓದಬಹುದು.

ವಿಮೋಚನೆಯು ಕರುಣೆಯಿಂದ ಬಂದಿತೇ, ಲಾಭದ ಲೆಕ್ಕದಿಂದ ಬಂದಿತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ‘ಚೋಮನ ದುಡಿ’ಯಾದರೋ ಅದನ್ನು ಕೆಳಗಿನಿಂದ ಕೇಳುತ್ತದೆ: ಬಿಡುಗಡೆಯಾದವನು ನಿಲ್ಲುವುದೆಲ್ಲಿ? ನೆಲವನ್ನು ಕೊಡದ ಯಾವ ಶಾಸನವೂ ಈ ಪ್ರಶ್ನೆಗೆ ಉತ್ತರವಾಗಲಿಲ್ಲ. ಕನ್ನಡ, ತೆಲುಗು, ಉರ್ದು ಆಕರಗಳನ್ನು ಒಟ್ಟಿಗಿಟ್ಟುಕೊಂಡು ಜೀತದ ಸಾಹಿತ್ಯವನ್ನು ಮರಳಿ ಓದುವ ಕೆಲಸಕ್ಕೆ ಈ ಪ್ರಶ್ನೆಯೇ ಆರಂಭಬಿಂದುವಾಗಬೇಕು.