ಭೀಮಾ ತಡಿಯ ತಟ್ಟು, ಮೊರೊಕ್ಕೊದ ಬಾರ್ಬ್

ಶೇಖ್ ಅಲಾವುದ್ದೀನರ ಗೋರಿಯ ಬಳಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಕೂಡುತ್ತದೆ, ಮಾರಾಟಕ್ಕೆ 20,000ದವರೆಗೆ ಕುದುರೆ ಬರುತ್ತವೆ ಎಂದು ಬರೆದಿಟ್ಟವನು ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್. ಆ ಊರು ನಮ್ಮ ಆಳಂದ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ, ಅವನೂ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು ಬೀದರಿನಲ್ಲಿ ಮಾರಿದ. ಎಣಿಕೆ ಉಬ್ಬಿದ್ದರೂ ಇರಲಿ, ಈ ಸೀಮೆಗೆ ಕುದುರೆಯ ಹಸಿವು ಎಷ್ಟಿತ್ತೆಂದು ಅದು ಹೇಳುತ್ತದೆ.

ಹಾಗೆ ಬಂದ ಅರಬ್ಬಿ, ತುರ್ಕಿ ಕುದುರೆಗಳ ರಕ್ತ ಇಲ್ಲಿನ ಗಿಡ್ಡ ತಟ್ಟುಗಳಿಗೆ ಬೆರೆತು ಭೀಮಥಡಿ ತಳಿ ಬೆಳೆಯಿತು. ಮರಾಠರ ದಂಡು ದೂರದ ದಾಳಿಗೆ ನೆಚ್ಚಿದ್ದು ಇದನ್ನೇ.

ಅರಬ್ಬಿಯ ಚೆಲುವನ್ನು ಮನಸ್ಸಿನಲ್ಲಿಟ್ಟುಕೊಂಡು ಭೀಮಥಡಿಯನ್ನು ನೋಡಿದವರಿಗೆ ನಿರಾಸೆಯೇ ಗತಿ. ಇದರ ಗುಣ ಕಾಣಲು ಉತ್ತರ ಆಫ್ರಿಕದ ಬಾರ್ಬ್ ಕುದುರೆಯನ್ನು ಅರಿತಿರಬೇಕು. ಬಾರ್ಬ್‌ನ ಮೂಗಿನ ಗೆರೆ ತುಸು ಉಬ್ಬು, ಬೆನ್ನು ಗಿಡ್ಡ, ಹಿಂಭಾಗ ಇಳಿಜಾರು, ಬಾಲ ತಗ್ಗಿನಲ್ಲಿ. ನಿಂತಾಗ ಹೊಗಳುವವರು ಕಡಿಮೆ. ಆದರೆ ಗೊರಸು ಕಲ್ಲಿನಂತೆ ಗಟ್ಟಿ. ಬಿಸಿಲು, ಅರೆಹೊಟ್ಟೆ, ಕಲ್ಲುನೆಲ ಯಾವುದಕ್ಕೂ ಜಗ್ಗದು. ಕಡಿವಾಣವಿಲ್ಲದೆ ಕುದುರೆ ಓಡಿಸುತ್ತಿದ್ದ ಅಲ್ಲಿನ ಪ್ರಾಚೀನ ನುಮಿಡಿಯದ ಸವಾರರು ಕಾರ್ತೇಜಿನ ದಂಡನಾಯಕ ಹ್ಯಾನಿಬಲ್‌ನ ಪರವಾಗಿ ರೋಮನ್ನರನ್ನು ಕಂಗೆಡಿಸಿದರು. ಬಾರ್ಬ್‌ನ ಪೂರ್ವಜರು ಅವರ ಕುದುರೆಗಳೇ ಎನ್ನುತ್ತಾರೆ. ಮೊರೊಕ್ಕೊದ ತ್ಬೂರಿದಾ ಆಟದಲ್ಲಿ ಸವಾರರು ಸಾಲಾಗಿ ನುಗ್ಗಿ, ಒಂದೇ ಏಟಿಗೆ ಕೋವಿ ಹಾರಿಸಿ, ಗಕ್ಕನೆ ನಿಲ್ಲುತ್ತಾರೆ. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಆಟಕ್ಕೆ ಬಾರ್ಬ್ ಮತ್ತು ಅರಬ್ಬಿ-ಬಾರ್ಬ್ ಕುದುರೆಗಳೇ ಬೇಕು. ಮದ್ದಿನ ಸದ್ದಿಗೆ ಬೆದರದ ಆ ನಿಧಾನವನ್ನು ನಾನು ಯಾವ ಓಟದ ಕುದುರೆಯ ವೇಗಕ್ಕೂ ಕೊಡಲಾರೆ.

ನಮ್ಮ ತಟ್ಟಿನ ಬದುಕಿನಲ್ಲಿ ಅಂಥ ಮೆರವಣಿಗೆಯಿಲ್ಲ. ಮರಾಠರ ಆಳ್ವಿಕೆ 1818ರಲ್ಲಿ ಮುಗಿಯಿತು. ಬ್ರಿಟಿಷರ ದಂಡಿಗೆ ಎತ್ತರದ ಕುದುರೆಗಳೇ ಹಿಡಿಸಿದವು. ಉಳಿದದ್ದು ಕುರಿಗಾರರ ಕೈಯಲ್ಲಿ. ಧನಗರರು ಕುರಿಹಿಂಡಿನೊಡನೆ ಊರೂರು ಸಾಗುವಾಗ ಕಂಬಳಿ, ಪಾತ್ರೆ, ನಡೆಯಲಾರದ ಮರಿಗಳು ಎಲ್ಲವೂ ಇದರ ಬೆನ್ನ ಮೇಲೆ. ದಾರಿಬದಿಯ ಹುಲ್ಲೇ ಮೇವು. ದಿನವೂ ಹೊರೆ ಹೊತ್ತು ನಡೆಯಲಾರದ್ದು ಸಂತಾನಕ್ಕೆ ಉಳಿಯುವುದಿಲ್ಲ; ಯಾವ ಕುದುರೆ ಫಾರ್ಮಿನಲ್ಲೂ ಇಷ್ಟು ಕಟ್ಟುನಿಟ್ಟಿನ ಆಯ್ಕೆ ನಡೆಯದು.

ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಈಚೆಗೆ ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಅಲ್ಲಿ ದಾಖಲಾದ ನೆಲೆ ಮಹಾರಾಷ್ಟ್ರದ ಪುಣೆ, ಸೊಲ್ಲಾಪುರದ ಸುತ್ತು. ಆದರೆ ತಳಿಗೆ ಹೆಸರು ಕೊಟ್ಟ ಭೀಮಾ ನದಿ ಅಲ್ಲಿಗೇ ನಿಲ್ಲುವುದಿಲ್ಲ. ಅಫಜಲಪುರ, ಜೇವರ್ಗಿಗಳನ್ನು ಮುಟ್ಟಿಕೊಂಡೇ ಕೃಷ್ಣೆಗೆ ಹೋಗುತ್ತದೆ. ನಮ್ಮ ಪಶುವೈದ್ಯರು ಈ ದಂಡೆಯ ಕುರಿಹಿಂಡುಗಳ ಜೊತೆಗಿರುವ ತಟ್ಟುಗಳ ಎತ್ತರ, ಎದೆಸುತ್ತಳತೆ, ಗೊರಸು ಅಳೆದು, ರಕ್ತದ ಮಾದರಿಯನ್ನೂ ತೆಗೆಯಬೇಕು. ಬೀಜದ ಕುದುರೆಗಳು ಅಡ್ಡತಳಿಯಲ್ಲಿ ಕರಗುವ ಮೊದಲೇ ಅದು ಆಗಬೇಕು.